ತಮ್ಮನ ರಿಪೋರ್ಟ್‌ನಲ್ಲಿ ‘ಐವಿಎಸ್ 1-5, ಜಿ ಟು ಸಿ’ ಅಂತಿದೆ. ಒಂದು ಅಕ್ಷರ ಬದಲಾದರೆ ಏನಾಗುತ್ತದೆ?

ಡೊಂಬಿವಲಿ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಮದುವೆ ಗೊತ್ತಾಗಿದೆ. ಹುಡುಗಿ ಪುಣೆಯವಳು, ಮೂಲ ಹುಬ್ಬಳ್ಳಿ ಕಡೆ. ಮದುವೆಗೆ ಮುಂಚೆ ಇಬ್ಬರೂ ರಕ್ತ ಪರೀಕ್ಷೆ ಮಾಡಿಸೋಣ ಅಂತ ಅವಳೇ ಹೇಳಿದಳು. ತಮ್ಮನ ರಿಪೋರ್ಟ್ ಮೊದಲು ಬಂತು. ಹಿಮೋಗ್ಲೋಬಿನ್ 11.8, ಎಂಸಿವಿ (ಕೆಂಪು ರಕ್ತಕಣದ ಗಾತ್ರವಂತೆ) 64, ಎಚ್‌ಬಿ ಎ2 (ಹಿಮೋಗ್ಲೋಬಿನ್‌ನ ಒಂದು ಬಗೆಯಂತೆ) 5.4. ಆಮೇಲೆ ಜೀನ್ ಪರೀಕ್ಷೆಗೆ ಕಳಿಸಿದರು. ಅದರಲ್ಲಿ ‘ಎಚ್‌ಬಿಬಿ ಜೀನ್, ಐವಿಎಸ್ 1-5, ಜಿ ಟು ಸಿ, ಹೆಟೆರೋಜೈಗಸ್’ ಅಂತ ಬರೆದಿದೆ.

ಲ್ಯಾಬ್‌ನವರು ಕೌಂಟರ್‌ನಲ್ಲಿ ಲಕೋಟೆ ಕೊಟ್ಟು ಕಳಿಸಿದರು. ಡಾಕ್ಟರು ಎರಡು ನಿಮಿಷದಲ್ಲಿ ಮುಗಿಸಿದರು: ‘ಥಲಸ್ಸೇಮಿಯಾ ಮೈನರ್, ಇವನಿಗೇನೂ ಆಗಲ್ಲ, ಹುಡುಗಿಯದು ನೋಡಿ’. ಥಲಸ್ಸೇಮಿಯಾ ಅಂದರೆ ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗದ, ತಂದೆತಾಯಿಯಿಂದ ಬರುವ ರಕ್ತದ ಕಾಯಿಲೆಯಂತೆ. ಮನೆಯಲ್ಲಿ ಎಲ್ಲರಿಗೂ ದಿಗಿಲು. ಅತ್ತೆಯವರು ‘ಹುಡುಗನ ಜೆನೆಟಿಕ್ ಕೋಡೇ ಕೆಟ್ಟಿದೆಯಂತೆ’ ಅಂತ ಊರಿಗೆಲ್ಲ ಫೋನ್ ಮಾಡಿದ್ದಾರೆ. ತಮ್ಮ ಮಾತೇ ಆಡುತ್ತಿಲ್ಲ.

ನಾನು ಓದಿದ್ದು ಬಿಕಾಂ. ನಮ್ಮ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರ ಇದೆ ಅಂತಾರೆ. ಅದರಲ್ಲಿ ಒಂದು ಜಿ ಹೋಗಿ ಸಿ ಬಂದರೆ ಏನಾಗುತ್ತದೆ? ನಿಜವಾಗಿ ಕೆಟ್ಟಿರುವುದು ಏನು? ದಯವಿಟ್ಟು ಯಾರಾದರೂ ಕನ್ನಡದಲ್ಲಿ ಬಿಡಿಸಿ ಹೇಳಿ. ನಾನು ಅದನ್ನು ಅವನಿಗೂ ಮನೆಯವರಿಗೂ ಓದಿ ಹೇಳುತ್ತೇನೆ.

ವಡಾಲಾ ಮೇಷ್ಟ್ರು

ತಂಗೀ, ಮೊದಲು ನಿಮ್ಮ ಅತ್ತೆಯವರಿಗೆ ಉತ್ತರ ಕೊಡೋಣ. ನಿಮ್ಮ ತಮ್ಮನ ಜೆನೆಟಿಕ್ ಕೋಡ್ ಸರಿಯಾಗಿಯೇ ಇದೆ. ಅತ್ತೆಯವರ ದೇಹದಲ್ಲಿ, ನನ್ನ ದೇಹದಲ್ಲಿ, ನಾವು ತಿನ್ನುವ ಬದನೆಕಾಯಿಯಲ್ಲಿ ಇರುವ ಕೋಡೇ ಅವನಲ್ಲೂ ಇರುವುದು.

ಕೋಡ್ ಅಂದರೆ ಓದುವ ನಿಯಮ. ಡಿಎನ್‌ಎಯಲ್ಲಿ ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಜೀವಕೋಶ ಅದರ ಆರ್‌ಎನ್‌ಎ ಪ್ರತಿ ತೆಗೆದುಕೊಂಡು ಮೂರು ಮೂರು ಅಕ್ಷರವಾಗಿ ಓದುತ್ತದೆ. ಈ ಮೂರಕ್ಷರದ ಗುಂಪಿಗೆ ಕೋಡಾನ್ ಅಂತಾರೆ. ನಾಲ್ಕು ಅಕ್ಷರದಲ್ಲಿ ಮೂರು ಮೂರು ಜೋಡಿಸಿದರೆ 64 ಕೋಡಾನ್ ಆಗುತ್ತವೆ. ಅದರಲ್ಲಿ 61 ಕೋಡಾನ್‌ಗಳು 20 ಬಗೆಯ ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ. ಉಳಿದ ಮೂರು ‘ಇಲ್ಲಿಗೆ ನಿಲ್ಲಿಸು’ ಅನ್ನುತ್ತವೆ. ಅಮೈನೋ ಆಮ್ಲಗಳು ಸಾಲಾಗಿ ಸೇರಿ ಮಡಚಿಕೊಂಡರೆ ಪ್ರೋಟೀನ್. ಒಂದು ಪ್ರೋಟೀನ್‌ನ ಬರಹ ಇರುವ ಡಿಎನ್‌ಎ ಭಾಗಕ್ಕೆ ಜೀನ್ ಅಂತಾರೆ. 1961ರಲ್ಲಿ ನಿರೆನ್‌ಬರ್ಗ್ ಮತ್ತು ಮಥೈ ಈ ಪಟ್ಟಿಯ ಮೊದಲ ಸಾಲನ್ನು ಕಂಡುಹಿಡಿದರು. ಉಳಿದದ್ದನ್ನು ತುಂಬಿದವರಲ್ಲಿ ನಮ್ಮ ಹರಗೋಬಿಂದ್ ಖೊರಾನಾ ಒಬ್ಬರು. 1968ರ ನೊಬೆಲ್ ಬಂದದ್ದು ಈ ಕೆಲಸಕ್ಕೇ. ಮೈಟೋಕಾಂಡ್ರಿಯಾದಂಥ ಕೆಲವು ಕಡೆ ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ಬ್ಯಾಕ್ಟೀರಿಯಾದಿಂದ ಮನುಷ್ಯರವರೆಗೆ ಒಂದೇ ಪಟ್ಟಿ.

ಮ್ಯುಟೇಶನ್ ಆದಾಗ ಈ ಪಟ್ಟಿ ಬದಲಾಗುವುದಿಲ್ಲ. ಪಟ್ಟಿಯ ಪ್ರಕಾರ ಓದಬೇಕಾದ ಬರಹದಲ್ಲಿ ಅಕ್ಷರ ಬದಲಾಗುತ್ತದೆ. ಓದುವವನು ಸರಿಯಾಗಿಯೇ ಓದುತ್ತಾನೆ, ಬರೆದದ್ದನ್ನು ಬರೆದ ಹಾಗೆ. ತೊಂದರೆ ಇರುವುದು ಅಲ್ಲೇ.

ಎಚ್‌ಬಿಬಿ ಜೀನ್ ಇರುವುದು 11ನೇ ಕ್ರೋಮೋಸೋಮ್‌ನಲ್ಲಿ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿ ಮಾಡುವುದು ಅದರ ಕೆಲಸ. ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಎರಡು ಆಲ್ಫಾ, ಎರಡು ಬೀಟಾ ಸೇರಿದರೆ ಒಂದು ಹಿಮೋಗ್ಲೋಬಿನ್. ಬೀಟಾ ಸರಪಳಿಯ ಬರಹ ಶುರುವಾಗುವುದು ಹೀಗೆ, ‘ಶುರು ಮಾಡು’ ಅನ್ನುವ ಎಟಿಜಿ ಬಿಟ್ಟು:

ಜಿಟಿಜಿ – ಸಿಎಟಿ – ಸಿಟಿಜಿ – ಎಸಿಟಿ – ಸಿಸಿಟಿ – ಜಿಎಜಿ – ಜಿಎಜಿ – ಎಎಜಿ – ಟಿಸಿಟಿ – ಜಿಸಿಸಿ…

ಎರಡನೆಯದನ್ನು ನೋಡಿ, ಸಿಎಟಿ. ಇದು ಹಿಸ್ಟಿಡಿನ್. ತುಂಬಾ ಜನರಲ್ಲಿ ಇದು ಸಿಎಸಿ ಆಗಿರುತ್ತದೆ. ಅದೂ ಹಿಸ್ಟಿಡಿನ್ನೇ. ಅಕ್ಷರ ಬದಲಾಯಿತು, ಪ್ರೋಟೀನ್ ಬದಲಾಗಲಿಲ್ಲ. ಅಂಥವರಿಗೆ ಇದು ಇದೆ ಅಂತಲೂ ಗೊತ್ತಿರುವುದಿಲ್ಲ.

ಈಗ ಆರನೆಯದು, ಜಿಎಜಿ. ಇದು ಗ್ಲುಟಾಮಿಕ್ ಆಮ್ಲ, ನೀರಿನ ಜೊತೆ ಹೊಂದಿಕೊಳ್ಳುವಂಥದ್ದು. ನಡುವಿನ ಎ ಹೋಗಿ ಟಿ ಬಂದರೆ ಜಿಟಿಜಿ, ಅಂದರೆ ವ್ಯಾಲಿನ್. ಅದಕ್ಕೆ ನೀರು ಆಗಿಬರುವುದಿಲ್ಲ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್‌ನ ಮೈಮೇಲೆ ಒಂದು ಸಣ್ಣ ಗುಳಿ ಇರುತ್ತದೆ. ಪಕ್ಕದ ಹಿಮೋಗ್ಲೋಬಿನ್‌ನ ವ್ಯಾಲಿನ್ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಹೀಗೆ ಒಂದಕ್ಕೊಂದು ಅಂಟಿ ಉದ್ದುದ್ದ ನಾರುಗಳಾಗಿ ಕೆಂಪು ರಕ್ತಕಣವನ್ನೇ ಕುಡುಗೋಲಿನ ಆಕಾರಕ್ಕೆ ಬಗ್ಗಿಸುತ್ತವೆ. ಇದೇ ಸಿಕಲ್ ಸೆಲ್ ಕಾಯಿಲೆ. ನಮ್ಮ ಮಹಾರಾಷ್ಟ್ರದಲ್ಲೇ ನಂದೂರ್‌ಬಾರ್, ಗಡ್‌ಚಿರೋಲಿ ಕಡೆಯ ಆದಿವಾಸಿ ಮನೆಗಳಲ್ಲಿ ಇದರ ಕಷ್ಟ ಎಷ್ಟು ಅಂತ ಅಲ್ಲಿಯ ನರ್ಸ್‌ಗಳನ್ನು ಕೇಳಬೇಕು. 1949ರಲ್ಲಿ ಲೈನಸ್ ಪಾಲಿಂಗ್ ತಂಡ ಇದು ಹಿಮೋಗ್ಲೋಬಿನ್‌ನ ಅಣುವಿನಲ್ಲೇ ಇರುವ ದೋಷ ಅಂತ ತೋರಿಸಿತು. ಕೆಲವು ವರ್ಷಗಳ ನಂತರ ವರ್ನನ್ ಇಂಗ್ರಾಮ್ ವ್ಯತ್ಯಾಸ ಇರುವುದು ಒಂದೇ ಅಮೈನೋ ಆಮ್ಲದಲ್ಲಿ ಅಂತ ಪತ್ತೆ ಮಾಡಿದರು.

ಒಂದೇ ಜೀನ್. ಎರಡು ಕಡೆಯೂ ಬದಲಾದದ್ದು ಒಂದೇ ಅಕ್ಷರ. ಒಂದು ಕಡೆ ಏನೂ ಇಲ್ಲ, ಇನ್ನೊಂದು ಕಡೆ ಜೀವಮಾನದ ನೋವು. ಎಷ್ಟು ಅಕ್ಷರ ಬದಲಾಯಿತು ಅನ್ನುವುದಕ್ಕಿಂತ ಎಲ್ಲಿ ಬದಲಾಯಿತು ಅನ್ನುವುದೇ ಮುಖ್ಯ.

ಠಾಣೆ ಹನ್ನೆರಡನೇ ಕ್ಲಾಸ್

ಸರ್, ತುಂಬಾ ಚೆನ್ನಾಗಿದೆ. ನಾನು ನೀಟ್‌ಗೆ ಓದುತ್ತಿದ್ದೇನೆ. ಫ್ರೇಮ್‌ಶಿಫ್ಟ್ (ಅಕ್ಷರ ಸೇರಿ ಅಥವಾ ಬಿಟ್ಟುಹೋಗಿ ಮೂರು ಮೂರರ ಓದು ಜಾರುವುದು) ಯಾವಾಗಲೂ ಜಾಸ್ತಿ ಕೆಟ್ಟದ್ದು ಅಂತ ಕ್ಲಾಸ್‌ನಲ್ಲಿ ಬಾಯಿಪಾಠ ಮಾಡಿಸಿದ್ದಾರೆ. ಯಾಕೆ ಅಂತ ಇದೇ ಜೀನ್ ಇಟ್ಟುಕೊಂಡು ತೋರಿಸ್ತೀರಾ?

ವಡಾಲಾ ಮೇಷ್ಟ್ರು

ತೋರಿಸೋಣ. ನಿನಗೆ ಲೋಕಲ್ ರೈಲು ಗೊತ್ತಲ್ಲ. ಮೂರು ಜನರ ಬೆಂಚಿನಲ್ಲಿ ನಾಲ್ಕನೆಯವರು ‘ಸ್ವಲ್ಪ ಸರಿಯಿರಿ’ ಅಂತ ಕೂತೇಬಿಡುತ್ತಾರೆ. ರೈಬೋಸೋಮ್, ಅಂದರೆ ಬರಹ ಓದಿ ಪ್ರೋಟೀನ್ ಕಟ್ಟುವ ಯಂತ್ರ, ಹಾಗೆ ಬಿಡುವುದಿಲ್ಲ. ಅದಕ್ಕೆ ಬೆಂಚಿಗೆ ಮೂರೇ. ನಡುವೆ ಒಬ್ಬರು ಹೆಚ್ಚಿಗೆ ಹತ್ತಿದರೆ ಆ ಬೆಂಚಿನ ಕೊನೆಯವರು ಮುಂದಿನ ಬೆಂಚಿಗೆ ಹೋಗಬೇಕು. ಅಲ್ಲಿಯ ಕೊನೆಯವರು ಅದರ ಮುಂದಿನದಕ್ಕೆ. ಹೀಗೆ ಡಬ್ಬಿಯ ಕೊನೆವರೆಗೂ ಎಲ್ಲರ ಜಾಗ ಬದಲು.

ಈಗ ನಿಜವಾದ ಉದಾಹರಣೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಬೀಟಾ ಥಲಸ್ಸೇಮಿಯಾ ಮ್ಯುಟೇಶನ್‌ಗಳಲ್ಲಿ ‘ಕೋಡಾನ್ 8/9, ಪ್ಲಸ್ ಜಿ’ ಒಂದು. ಎಂಟನೇ ಕೋಡಾನ್ ಎಎಜಿ ಆದ ಮೇಲೆ ಒಂದು ಜಿ ಹೆಚ್ಚಿಗೆ ಸೇರಿಕೊಂಡಿದೆ. ಒಂಬತ್ತನೇ ಕೋಡಾನ್‌ನಿಂದ ಸರಿಯಾದ ಬರಹ ಇದು:

ಟಿಸಿಟಿ – ಜಿಸಿಸಿ – ಜಿಟಿಟಿ – ಎಸಿಟಿ – ಜಿಸಿಸಿ – ಸಿಟಿಜಿ – ಟಿಜಿಜಿ – ಜಿಜಿಸಿ – ಎಎಜಿ – ಜಿಟಿಜಿ – ಎಎಸಿ – ಜಿಟಿಜಿ – ಜಿಎಟಿ – ಜಿಎಎ…

ಮುಂದೆ ಒಂದು ಜಿ ಸೇರಿಸಿ ಮತ್ತೆ ಮೂರು ಮೂರಾಗಿ ಕತ್ತರಿಸಿದರೆ:

ಜಿಟಿಸಿ – ಟಿಜಿಸಿ – ಸಿಜಿಟಿ – ಟಿಎಸಿ – ಟಿಜಿಸಿ – ಸಿಸಿಟಿ – ಜಿಟಿಜಿ – ಜಿಜಿಜಿ – ಸಿಎಎ – ಜಿಜಿಟಿ – ಜಿಎಎ – ಸಿಜಿಟಿ – ಜಿಜಿಎ – ಟಿಜಿಎ

ಕೊನೆಯ ಟಿಜಿಎ ನೋಡಿದೆಯಾ? ಅದು ‘ನಿಲ್ಲಿಸು’. 22ನೇ ಜಾಗದಲ್ಲೇ ಸರಪಳಿ ಮುಗಿಯಿತು. 146 ಆಗಬೇಕಿದ್ದದ್ದು 21ಕ್ಕೆ ನಿಂತಿತು. ಅದರಲ್ಲೂ ಕೊನೆಯ 13 ಸರಪಳಿಗೆ ಸಂಬಂಧವೇ ಇಲ್ಲದವು. ಒಂದು ಹಾಳೆ ತೆಗೆದುಕೊಂಡು ನೀನೇ ಕೈಯಿಂದ ಬರೆದು ನೋಡು, ಪುಸ್ತಕದಲ್ಲಿ ಹತ್ತು ಸಲ ಓದುವುದಕ್ಕಿಂತ ಅದು ಒಳ್ಳೆಯದು. 64 ಕೋಡಾನ್‌ನಲ್ಲಿ ಮೂರು ‘ನಿಲ್ಲಿಸು’ ಇರುವುದರಿಂದ ಓದು ಜಾರಿದ ಮೇಲೆ ಬೇಗನೇ ಅಂಥದ್ದೊಂದು ಎದುರಾಗುವುದು ಸಹಜ.

‘ಯಾವಾಗಲೂ’ ಅನ್ನುವ ಮಾತನ್ನು ಮಾತ್ರ ಬಿಡು. ಜೀನ್‌ನ ಕೊನೆಯಲ್ಲಿ ಓದು ಜಾರಿದರೆ ಹೆಚ್ಚಿನ ಪ್ರೋಟೀನ್ ಆಗಲೇ ತಯಾರಾಗಿರುತ್ತದೆ. ಮೂರು ಅಕ್ಷರ ಒಟ್ಟಿಗೆ ಹೋದರೆ ಓದು ಜಾರುವುದೇ ಇಲ್ಲ, ಆದರೂ ಕಾಯಿಲೆ ಬರಬಹುದು. ಸಿಸ್ಟಿಕ್ ಫೈಬ್ರೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆಯಲ್ಲಿ ಹೆಚ್ಚಾಗಿ 1480 ಅಮೈನೋ ಆಮ್ಲಗಳ ಪ್ರೋಟೀನ್‌ನಿಂದ 508ನೆಯದು ಒಂದೇ ಕಾಣೆಯಾಗುತ್ತದೆ. ಅಷ್ಟಕ್ಕೇ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳುವುದಿಲ್ಲ. ಸರಿ ಇಲ್ಲ ಅಂತ ಜೀವಕೋಶವೇ ಅದನ್ನು ಒಡೆದು ಹಾಕುತ್ತದೆ.

ಪುಣೆ ಲ್ಯಾಬ್‌ನವಳು

ಮೇಷ್ಟ್ರು ಹೇಳಿದ್ದೆಲ್ಲ ಸರಿ. ಆದರೆ ಅಕ್ಕ, ನಿಮ್ಮ ತಮ್ಮನ ಮ್ಯುಟೇಶನ್ ಇವುಗಳಲ್ಲಿ ಯಾವುದೂ ಅಲ್ಲ. ಅದು ಕೋಡಾನ್‌ನಲ್ಲೇ ಇಲ್ಲ! ನನ್ನ ಕೆಲಸವೇ ಇಂಥ ರಿಪೋರ್ಟ್‌ಗಳು. ‘ಐವಿಎಸ್ 1-5’ ಅಂದರೆ ಮೊದಲನೇ ಇಂಟ್ರಾನ್‌ನ (ಪ್ರೋಟೀನ್ ಬರಹದ ನಡುವೆ ಬರುವ, ಓದುವ ಮೊದಲು ಕತ್ತರಿಸಿ ಎಸೆಯುವ ಭಾಗದ) ಐದನೇ ಅಕ್ಷರ. ಭಾರತದಲ್ಲಿ ಬೀಟಾ ಥಲಸ್ಸೇಮಿಯಾಕ್ಕೆ ಅತಿ ಹೆಚ್ಚು ಕಾಣಿಸುವ ಮ್ಯುಟೇಶನ್ ಇದೇ. ಹಾಗಾಗಿ ನಿಮ್ಮ ತಮ್ಮ ಒಂಟಿಯಲ್ಲ ಅಂತ ದಯವಿಟ್ಟು ಹೇಳಿ.

ಎಚ್‌ಬಿಬಿ ಜೀನ್‌ನಲ್ಲಿ ಪ್ರೋಟೀನ್‌ಗೆ ಬೇಕಾದ ಬರಹ ಒಂದೇ ಕಡೆ ಇಲ್ಲ. ಮೂರು ತುಂಡಾಗಿದೆ, ಅವು ಎಕ್ಸಾನ್‌ಗಳು. ನಡುವೆ ಎರಡು ಇಂಟ್ರಾನ್, ಮೊದಲನೆಯದು 130 ಅಕ್ಷರ, ಎರಡನೆಯದು 850. ಆರ್‌ಎನ್‌ಎ ಪ್ರತಿ ತೆಗೆಯುವಾಗ ಎಲ್ಲವೂ ಬರುತ್ತದೆ. ಆಮೇಲೆ ಇಂಟ್ರಾನ್‌ಗಳನ್ನು ಕತ್ತರಿಸಿ ಎಸೆದು ಎಕ್ಸಾನ್‌ಗಳನ್ನು ಜೋಡಿಸಬೇಕು. ಎಲ್ಲಿ ಕತ್ತರಿಸಬೇಕು ಅನ್ನುವ ಗುರುತು ಇಂಟ್ರಾನ್‌ನ ಶುರುವಿನಲ್ಲಿರುತ್ತದೆ. ಎಚ್‌ಬಿಬಿಯಲ್ಲಿ ಅದು ಜಿಟಿಟಿಜಿಜಿಟಿ ಅಂತ ಶುರುವಾಗುತ್ತದೆ. ಐದನೇ ಅಕ್ಷರ ಎಣಿಸಿ. ಜಿ. ಈ ಜೀನ್ ಎಲ್ಲರಲ್ಲೂ ಎರಡು ಪ್ರತಿ ಇರುತ್ತದೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ನಿಮ್ಮ ತಮ್ಮನಿಗೆ ಅವುಗಳಲ್ಲಿ ಒಂದು ಪ್ರತಿಯಲ್ಲಿ ಮಾತ್ರ ಅಲ್ಲಿ ಸಿ ಇದೆ. ‘ಹೆಟೆರೋಜೈಗಸ್’ ಅಂದರೆ ಇದೇ.

ಗುರುತು ಮಸುಕಾದರೆ ಕತ್ತರಿಸುವ ಯಂತ್ರ ತಡಕಾಡುತ್ತದೆ. ಕೆಲವು ಸಲ ಸರಿಯಾದ ಕಡೆ ಕತ್ತರಿಸುತ್ತದೆ. ಹೆಚ್ಚಿನ ಸಲ ಹತ್ತಿರದಲ್ಲೇ ಇರುವ ಅದೇ ಥರದ ಬೇರೆ ಜಾಗದಲ್ಲಿ ಕತ್ತರಿಸಿಬಿಡುತ್ತದೆ. ಹಾಗೆ ತಪ್ಪಾಗಿ ಜೋಡಿಸಿದ ಸಂದೇಶದಿಂದ ಬೀಟಾ ಸರಪಳಿ ಆಗುವುದಿಲ್ಲ. ಇಲ್ಲಿ ಒಂದು ವಿಷಯ ಗಮನಿಸಿ. ಈ ಪ್ರತಿಯಿಂದ ಕಷ್ಟಪಟ್ಟು ಬರುವ ಸ್ವಲ್ಪ ಬೀಟಾ ಸರಪಳಿ ನೂರಕ್ಕೆ ನೂರು ಸರಿಯಾದದ್ದೇ. ಅದರ 146 ಅಮೈನೋ ಆಮ್ಲಗಳಲ್ಲಿ ಒಂದೂ ಬದಲಾಗಿಲ್ಲ. ಸಿಕಲ್ ಸೆಲ್‌ನಲ್ಲಿ ಸರಪಳಿ ಬೇಕಾದಷ್ಟಿದೆ, ಗುಣ ಕೆಟ್ಟಿದೆ. ಥಲಸ್ಸೇಮಿಯಾದಲ್ಲಿ ಗುಣ ಸರಿಯಿದೆ, ಪ್ರಮಾಣ ಸಾಲದು.

ಇದೇ ಇಂಟ್ರಾನ್‌ನ ಮೊದಲನೇ ಅಕ್ಷರ ಬದಲಾದರೆ (ಐವಿಎಸ್ 1-1, ಜಿ ಟು ಟಿ) ಸರಿಯಾದ ಕತ್ತರಿಸುವಿಕೆ ಪೂರ್ತಿ ನಿಂತೇಹೋಗುತ್ತದೆ. ಆರನೇ ಅಕ್ಷರ ಬದಲಾದರೆ (ಐವಿಎಸ್ 1-6, ಟಿ ಟು ಸಿ) ತೊಂದರೆ ಸಾಕಷ್ಟು ಕಡಿಮೆ. ಒಂದು, ಐದು, ಆರು. ಅಕ್ಕಪಕ್ಕದ ಅಕ್ಷರಗಳೇ, ಆದರೆ ಮನೆಗೆ ಬರುವ ಕಷ್ಟ ಬೇರೆ ಬೇರೆ. ಈ ಜೀನನ್ನು ಇಷ್ಟು ವರ್ಷದಿಂದ ನೋಡುತ್ತಿದ್ದರೂ ನನಗೆ ಇದು ಇವತ್ತಿಗೂ ಅಚ್ಚರಿಯೇ.

ಇನ್ನು ತಮ್ಮನ ವಿಷಯ. ಅವನ ಇನ್ನೊಂದು ಪ್ರತಿ ಸರಿಯಾಗಿದೆ, ಅದು ಕೆಲಸ ನಡೆಸುತ್ತದೆ. ರಕ್ತಕಣ ಸ್ವಲ್ಪ ಚಿಕ್ಕದು, ಅದಕ್ಕೇ ಎಂಸಿವಿ 64. ದೇಹ ಅದನ್ನು ಸರಿದೂಗಿಸಲು ಕಣಗಳ ಸಂಖ್ಯೆ ಹೆಚ್ಚಿಸುತ್ತದೆ. ಎಚ್‌ಬಿ ಎ2 ಸಾಮಾನ್ಯವಾಗಿ 3.5ಕ್ಕಿಂತ ಕಡಿಮೆ ಇರಬೇಕು, ಇವನದು 5.4. ಇವೆಲ್ಲ ವಾಹಕರ, ಅಂದರೆ ಒಂದೇ ಪ್ರತಿಯಲ್ಲಿ ದೋಷ ಹೊತ್ತವರ, ಲಕ್ಷಣ. ಅವನಿಗೆ ಕಾಯಿಲೆ ಇಲ್ಲ, ಅವನು ವಾಹಕ. ಡಾಕ್ಟರು ‘ಮೈನರ್’ ಅಂದದ್ದು ಇದನ್ನೇ. ಓಡಬಹುದು, ಜಿಮ್‌ಗೆ ಹೋಗಬಹುದು, ಎಲ್ಲರಂತೆ ಬದುಕಬಹುದು. ಒಂದೇ ಎಚ್ಚರಿಕೆ: ಹಿಮೋಗ್ಲೋಬಿನ್ ಕಡಿಮೆ ಅಂತ ಯಾರಾದರೂ ಸುಮ್ನೆ ಕಬ್ಬಿಣದ ಮಾತ್ರೆ ಬರೆದರೆ ಫೆರಿಟಿನ್ (ದೇಹದಲ್ಲಿ ಕಬ್ಬಿಣ ಎಷ್ಟಿದೆ ಅಂತ ತಿಳಿಸುವ ರಕ್ತ ಪರೀಕ್ಷೆ) ನೋಡದೆ ತಿನ್ನಬಾರದು. ಇವನ ದೇಹದಲ್ಲಿ ಕಬ್ಬಿಣದ ಕೊರತೆ ಇಲ್ಲದೇ ಇರಬಹುದು.

ಡೊಂಬಿವಲಿ ಅಕ್ಕ

ಮೇಡಂ, ಕಣ್ಣಲ್ಲಿ ನೀರು ಬಂತು. ಇಷ್ಟನ್ನೂ ತಮ್ಮನ ಮುಂದೆ ಕೂತು ಜೋರಾಗಿ ಓದಿದೆ. ‘ಬರುವ ಸ್ವಲ್ಪವೂ ಸರಿಯಾದದ್ದೇ’ ಅನ್ನುವಲ್ಲಿ ಅವನು ಮೊಬೈಲ್ ಕಿತ್ತುಕೊಂಡು ತಾನೇ ಓದಿದ. ಹುಡುಗಿಗೆ ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್‌ನ ಬಗೆಗಳನ್ನು ಅಳೆಯುವ ಪರೀಕ್ಷೆ) ಅಂತ ಬರೆದುಕೊಟ್ಟಿದ್ದಾರೆ, ಎರಡು ದಿನದಲ್ಲಿ ಬರುತ್ತದೆ.

ಪಿಂಪ್ರಿ ಅಪ್ಪ

ನಾನು ಸಾಮಾನ್ಯವಾಗಿ ಬರೆಯುವುದಿಲ್ಲ. ಇವತ್ತು ಬರೆಯಬೇಕು ಅನ್ನಿಸಿತು. ನನ್ನ ಮಗಳಿಗೆ ಥಲಸ್ಸೇಮಿಯಾ ಮೇಜರ್, ಅಂದರೆ ಎರಡೂ ಪ್ರತಿಯಲ್ಲಿ ದೋಷ ಇರುವ ದೊಡ್ಡ ಕಾಯಿಲೆ. ನನ್ನದು ಐವಿಎಸ್ 1-5. ಹೆಂಡತಿಯದು ಕೋಡಾನ್ 15, ಜಿ ಟು ಎ. ನಾವು ಸಂಬಂಧಿಕರಲ್ಲ, ಬೇರೆ ಬೇರೆ ಜಿಲ್ಲೆಯವರು. ಇಬ್ಬರಿಗೂ ಒಂದು ದಿನವೂ ಏನೂ ತೊಂದರೆ ಇರಲಿಲ್ಲ. ಮಗು ಹುಟ್ಟಿದಾಗ ಗುಂಡಗೆ ಚೆನ್ನಾಗಿತ್ತು. ಎಂಟು ತಿಂಗಳಿಗೆ ಬಿಳಿಚಿಕೊಂಡಿತು, ಹೊಟ್ಟೆ ಉಬ್ಬಿತು, ಹಾಲು ಬಿಟ್ಟಿತು.

ಈಗ ಮೂರು ವಾರಕ್ಕೊಮ್ಮೆ ರಕ್ತ. ರಕ್ತದಿಂದ ಸೇರುವ ಕಬ್ಬಿಣ ತೆಗೆಯಲು ದಿನಾ ಡಿಫೆರಾಸಿರಾಕ್ಸ್ ಮಾತ್ರೆ. ಬೆಳಿಗ್ಗೆ ಏಳಕ್ಕೆ ಡೇ ಕೇರ್‌ಗೆ ಹೋದರೆ ಮೊದಲು ಕ್ರಾಸ್‌ಮ್ಯಾಚ್ (ರಕ್ತ ಹೊಂದುತ್ತದೆಯೇ ಅಂತ ನೋಡುವುದು), ಆಮೇಲೆ ಬ್ಯಾಗ್ ಬರುವವರೆಗೆ ಕಾಯುವುದು. ಸೂಜಿ ಚುಚ್ಚುವಾಗ ಅವಳು ಈಗ ಅಳುವುದಿಲ್ಲ. ಯಾವ ಕೈಯ ನರ ಸಿಗುತ್ತದೆ ಅಂತ ಸಿಸ್ಟರ್‌ಗೆ ಅವಳೇ ತೋರಿಸುತ್ತಾಳೆ. ಸಂಜೆ ಬರುವಾಗ ಕೆನ್ನೆ ಕೆಂಪಾಗಿರುತ್ತದೆ, ಬಾಯಿ ತುಂಬಾ ಮಾತು.

ಅಕ್ಕ, ಹುಡುಗಿಯ ಕಡೆಯವರಿಂದ ಏನನ್ನೂ ಮುಚ್ಚಿಡಬೇಡಿ. ನಮಗೆ ಮದುವೆಗೆ ಮುಂಚೆ ಯಾರೂ ಈ ಪರೀಕ್ಷೆ ಹೇಳಲಿಲ್ಲ. ಜಾತಕ ಮೂರು ಕಡೆ ನೋಡಿಸಿದ್ದರು.

ಒಂದು ಪ್ರಶ್ನೆ. ಹುಟ್ಟಿದಾಗ ಚೆನ್ನಾಗಿದ್ದ ಮಗು ಎಂಟು ತಿಂಗಳಿಗೆ ಯಾಕೆ ಹಾಗಾಯಿತು? ಇದನ್ನು ಯಾರೂ ನನಗೆ ಸರಿಯಾಗಿ ಹೇಳಿಲ್ಲ.

ಪುಣೆ ಲ್ಯಾಬ್‌ನವಳು

ಅಣ್ಣಾ, ನೀವು ಬರೆದದ್ದು ತುಂಬಾ ಒಳ್ಳೆಯದಾಯಿತು.

ಹೊಟ್ಟೆಯಲ್ಲಿರುವ ಮಗು ಬೀಟಾ ಸರಪಳಿಯನ್ನು ಹೆಚ್ಚಾಗಿ ಬಳಸುವುದಿಲ್ಲ. ಅದರ ಬದಲು ಗಾಮಾ ಅನ್ನುವ ಸರಪಳಿ ಇರುತ್ತದೆ. ಅದಕ್ಕೆ ಬೇರೆ ಜೀನ್, ಅದರಲ್ಲಿ ನಿಮ್ಮ ಮಗಳಿಗೆ ಯಾವ ದೋಷವೂ ಇಲ್ಲ. ಹುಟ್ಟಿದ ಮೇಲೆ ಕೆಲವು ತಿಂಗಳಲ್ಲಿ ದೇಹ ಗಾಮಾವನ್ನು ನಿಲ್ಲಿಸಿ ಬೀಟಾ ಶುರು ಮಾಡುತ್ತದೆ. ನಿಮ್ಮ ಮಗಳಿಗೆ ತೊಂದರೆ ಬಂದದ್ದು ಆಗ. ನಿಮ್ಮಿಂದ ಬಂದ ಪ್ರತಿ ಸ್ವಲ್ಪವೇ ಸ್ವಲ್ಪ ಬೀಟಾ ಕೊಡುತ್ತದೆ. ತಾಯಿಯಿಂದ ಬಂದ ಪ್ರತಿಯಲ್ಲಿ 15ನೇ ಕೋಡಾನ್ ಟಿಜಿಜಿ ಹೋಗಿ ಟಿಎಜಿ ಆಗಿದೆ. ಟಿಜಿಜಿ ಟ್ರಿಪ್ಟೋಫಾನ್, ಟಿಎಜಿ ‘ನಿಲ್ಲಿಸು’. ಅಲ್ಲಿಂದ ಏನೂ ಬರುವುದಿಲ್ಲ. ಹೀಗೆ ನಡುವೆಯೇ ‘ನಿಲ್ಲಿಸು’ ಬಂದ ಸಂದೇಶಗಳನ್ನು ಜೀವಕೋಶ ಗುರುತಿಸಿ ನಾಶ ಮಾಡುತ್ತದೆ.

ಬೀಟಾ ಇಲ್ಲದ್ದು ಅರ್ಧ ಕಥೆ. ಆಲ್ಫಾ ಸರಪಳಿ ಎಂದಿನಂತೆ ತಯಾರಾಗುತ್ತಲೇ ಇರುತ್ತದೆ. ಜೊತೆ ಸಿಗದ ಆಲ್ಫಾಗಳು ಮೂಳೆಯ ಮಜ್ಜೆಯಲ್ಲಿ ಬೆಳೆಯುತ್ತಿರುವ ರಕ್ತಕಣದೊಳಗೇ ಗಟ್ಟಿಯಾಗಿ ಕೂತು ಅದನ್ನು ಹಾಳುಮಾಡುತ್ತವೆ. ಕಣಗಳು ಹೊರಗೆ ಬರುವ ಮೊದಲೇ ಸಾಯುತ್ತವೆ. ರಕ್ತ ಸಾಲದು ಅಂತ ಮಜ್ಜೆ ಇನ್ನೂ ಜೋರಾಗಿ ದುಡಿಯುತ್ತದೆ. ಗುಲ್ಮ, ಯಕೃತ್ತು ದೊಡ್ಡದಾಗುತ್ತವೆ. ಹೊಟ್ಟೆ ಉಬ್ಬಿದ್ದು ಅದಕ್ಕೇ. ನಿಯಮಿತವಾಗಿ ರಕ್ತ ಕೊಟ್ಟಾಗ ಮಜ್ಜೆಗೆ ವಿಶ್ರಾಂತಿ ಸಿಗುತ್ತದೆ. ಮಗಳ ಕೆನ್ನೆ ಕೆಂಪಾಗುವುದರ ಜೊತೆಗೆ ಒಳಗಿನ ಈ ವ್ಯರ್ಥ ದುಡಿಮೆಯೂ ನಿಲ್ಲುತ್ತದೆ.

ಒಂದೇ ಮ್ಯುಟೇಶನ್ ಇರುವ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಕಷ್ಟ ಕಡಿಮೆ ಇರುವುದೂ ಉಂಟು. ಯಾರಿಗಾದರೂ ಆಲ್ಫಾ ಜೀನ್‌ಗಳೂ ಕಡಿಮೆ ಇದ್ದರೆ ಹೆಚ್ಚುವರಿ ಆಲ್ಫಾ ಕಡಿಮೆಯಾಗುತ್ತದೆ. ಯಾರಿಗಾದರೂ ಗಾಮಾ ದೊಡ್ಡವರಾದ ಮೇಲೂ ಉಳಿದುಕೊಂಡರೆ ಅದು ಬೀಟಾದ ಜಾಗ ತುಂಬುತ್ತದೆ. ಹೊಸ ಕ್ರಿಸ್ಪರ್ (ಜೀನ್ ತಿದ್ದುವ) ಚಿಕಿತ್ಸೆ ಮಾಡುವುದೂ ಇದನ್ನೇ. ಕ್ಯಾಸ್‌ಜೆವಿ ಅಂತ ಹೆಸರು, 2023ರ ನವೆಂಬರ್‌ನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು. ಅದು ಕೆಟ್ಟ ಎಚ್‌ಬಿಬಿಯನ್ನು ಮುಟ್ಟುವುದೇ ಇಲ್ಲ. ಗಾಮಾವನ್ನು ನಿಲ್ಲಿಸುವ ಬಿಸಿಎಲ್11ಎ ಅನ್ನುವ ಜೀನ್ ರಕ್ತಕಣಗಳಲ್ಲಿ ಕೆಲಸ ಮಾಡದಂತೆ ಬೇಕೆಂದೇ ಒಂದು ಮ್ಯುಟೇಶನ್ ಮಾಡುತ್ತದೆ. ಗಾಮಾ ಮತ್ತೆ ಶುರುವಾಗುತ್ತದೆ. ಖರ್ಚು ವಿಪರೀತ, ಜೊತೆಗೆ ಬಲವಾದ ಕೀಮೋ ಬೇಕು. ನಮ್ಮಂಥವರ ಕೈಗೆ ಬರಲು ಸಮಯ ಬೇಕು, ನಿಜ. ಆದರೆ ದಾರಿ ಇದೆ.

ಇನ್ನೊಂದು, ನಿಮಗೆ ಗೊತ್ತಿರಬಹುದು: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯಾ ಸೇರಿದೆ. ಸರ್ಟಿಫಿಕೇಟ್ ಮಾಡಿಸಿಲ್ಲದಿದ್ದರೆ ಮಾಡಿಸಿ.

ಅಂಧೇರಿ ರಕ್ತದಾನಿ

ಪಿಂಪ್ರಿ ಅಣ್ಣಾ, ನಮ್ಮ ಗುಂಪಿನ ಹುಡುಗರು ಪುಣೆಯಲ್ಲೂ ಇದ್ದಾರೆ. ರಕ್ತ ಬೇಕಾದಾಗ ಇಲ್ಲೇ ಒಂದು ಮಾತು ಹಾಕಿ.

ರಕ್ತದ ಮಾತು ಬಂತಲ್ಲ, ನಮ್ಮ ಮುಂಬೈ ಹೆಸರಿನ ಮ್ಯುಟೇಶನ್ ಬಗ್ಗೆ ಹೇಳದಿದ್ದರೆ ಹೇಗೆ? ಬಾಂಬೆ ಬ್ಲಡ್ ಗ್ರೂಪ್. ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿದ್ದ ಡಾ. ವೈ. ಎಂ. ಭೇಂಡೆ ಮತ್ತು ಜೊತೆಯವರು 1952ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು. ಮಾಮೂಲಿ ಗ್ರೂಪಿಂಗ್‌ನಲ್ಲಿ ಇವರು ಒ ಥರ ಕಾಣುತ್ತಾರೆ. ಆದರೆ ಒ ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ. ಭಾರತದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರು ಅಂತ ಹೇಳುತ್ತಾರೆ, ಯುರೋಪಿನಲ್ಲಿ 10 ಲಕ್ಷಕ್ಕೆ ಒಬ್ಬರು. ಕೊಂಕಣ ಮತ್ತು ನಮ್ಮ ಕರ್ನಾಟಕದ ಕಡೆ ಇದು ಸ್ವಲ್ಪ ಜಾಸ್ತಿಯೇ. ಇದರ ಹಿಂದಿನ ಪ್ರೋಟೀನ್ ಕಥೆ ಮೇಷ್ಟ್ರು ಹೇಳಲಿ.

ವಡಾಲಾ ಮೇಷ್ಟ್ರು

ಸಂತೋಷದಿಂದ ಹೇಳುತ್ತೇನೆ. ರಕ್ತಕಣದ ಮೈಮೇಲೆ ಸಕ್ಕರೆಯ ಸರಗಳಿರುತ್ತವೆ. ಎಫ್‌ಯುಟಿ1 ಅನ್ನುವ ಜೀನ್ ಮಾಡುವ ಕಿಣ್ವ ಅದರ ತುದಿಗೆ ಫ್ಯೂಕೋಸ್ ಅನ್ನುವ ಸಕ್ಕರೆ ಅಂಟಿಸಿದರೆ ಎಚ್ ಅನ್ನುವ ರಚನೆ ಆಗುತ್ತದೆ. ಎ ಗ್ರೂಪ್‌ನವರ ಕಿಣ್ವ ಎಚ್ ಮೇಲೆ ಒಂದು ಸಕ್ಕರೆ ಸೇರಿಸುತ್ತದೆ, ಬಿ ಗ್ರೂಪ್‌ನವರದು ಇನ್ನೊಂದು. ಒ ಗ್ರೂಪ್‌ನವರಲ್ಲಿ ಎಚ್ ಬರೀ ಎಚ್ ಆಗಿ ಉಳಿಯುತ್ತದೆ.

ಬಾಂಬೆ ಗ್ರೂಪ್‌ನವರಲ್ಲಿ ಎಚ್ಚೇ ಇಲ್ಲ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಕಾರಣ ಎಫ್‌ಯುಟಿ1ರ 725ನೇ ಅಕ್ಷರ ಟಿ ಹೋಗಿ ಜಿ ಆಗಿರುವುದು. ಅದರಿಂದ 242ನೇ ಜಾಗದ ಲ್ಯೂಸಿನ್ ಹೋಗಿ ಆರ್ಜಿನಿನ್ ಬರುತ್ತದೆ, ಕಿಣ್ವ ಕೆಲಸ ಮಾಡುವುದಿಲ್ಲ. ಎಚ್ ಕಾಣದೇ ಬೆಳೆದ ದೇಹ ಎಚ್ ವಿರುದ್ಧವೇ ಪ್ರತಿಕಾಯ ಇಟ್ಟುಕೊಂಡಿರುತ್ತದೆ. ಒ ರಕ್ತದಲ್ಲಿ ಎಚ್ ಅತಿ ಹೆಚ್ಚು, ಅದಕ್ಕೇ ಅದು ಆಗುವುದಿಲ್ಲ. ಇವರೊಳಗೆ ಎ ಅಥವಾ ಬಿ ಜೀನ್ ಸುಮ್ಮನೆ ಕೂತಿರಬಹುದು, ಅಂಟಿಕೊಳ್ಳಲು ಜಾಗವಿಲ್ಲದೆ. ಸಂಗಾತಿಯಿಂದ ಮಗುವಿಗೆ ಸರಿಯಾದ ಎಫ್‌ಯುಟಿ1 ಸಿಕ್ಕರೆ ಅದು ಕಾಣಿಸಿಕೊಳ್ಳುತ್ತದೆ. ‘ಒ’ ತಾಯಿ, ‘ಒ’ ತಂದೆಗೆ ಬಿ ಮಗು ಹುಟ್ಟಿತು ಅಂತ ಹೆಣ್ಣುಮಗಳ ಮೇಲೆ ಅನುಮಾನ ಪಡುವವರಿಗೆ ಇದನ್ನು ಜೋರಾಗಿ ಓದಿ ಹೇಳಬೇಕು.

ಠಾಣೆ ಹನ್ನೆರಡನೇ ಕ್ಲಾಸ್

ಸರ್, ಹಾಗಾದರೆ ಮಾಮೂಲಿ ಒ ಗ್ರೂಪ್ ಕೂಡ ಮ್ಯುಟೇಶನ್ನೇನಾ? ನಾನು ಒ.

ವಡಾಲಾ ಮೇಷ್ಟ್ರು

ಹೌದು, ಅದೂ ನೀನು ಕೇಳಿದ ಫ್ರೇಮ್‌ಶಿಫ್ಟೇ. ಸಾಮಾನ್ಯವಾದ ಒ ಜೀನ್‌ನಲ್ಲಿ 261ನೇ ಜಿ ಇಲ್ಲ. ಓದು ಜಾರಿ ಕಿಣ್ವ ಅರ್ಧಕ್ಕೇ ನಿಲ್ಲುತ್ತದೆ. ಜಗತ್ತಿನಲ್ಲಿ ಕೋಟಿಗಟ್ಟಲೆ ಜನ ಹಾಗೇ ಆರೋಗ್ಯವಾಗಿದ್ದಾರೆ. ಪ್ರತಿ ಮಗುವೂ ತಂದೆತಾಯಿ ಇಬ್ಬರಲ್ಲೂ ಇಲ್ಲದ ಹೊಸ ಬದಲಾವಣೆಗಳನ್ನು ಸುಮಾರು 60–70ರಷ್ಟು ಹೊತ್ತುಕೊಂಡೇ ಹುಟ್ಟುತ್ತದೆ. ಪ್ರೋಟೀನ್ ಮಾಡುವ ಬರಹ ಇಡೀ ಡಿಎನ್‌ಎಯಲ್ಲಿ ನೂರಕ್ಕೆ ಎರಡೂ ಇಲ್ಲದ ಕಾರಣ ಹೆಚ್ಚಿನವು ಏನೂ ಮಾಡುವುದಿಲ್ಲ. ಮ್ಯುಟೇಶನ್ ಇಲ್ಲದ ಮನುಷ್ಯ ಯಾರೂ ಇಲ್ಲ. ನಿಮ್ಮ ಕ್ಲಾಸ್‌ನಲ್ಲಿ ಯಾರಾದರೂ ಆ ಹೆಸರಿಟ್ಟು ಯಾರನ್ನಾದರೂ ಅಣಕಿಸಿದರೆ ಇದನ್ನು ಹೇಳು.

ಡೊಂಬಿವಲಿ ಅಕ್ಕ

ಹುಡುಗಿಯ ರಿಪೋರ್ಟ್ ಬಂತು. ಎಚ್‌ಬಿ ಎ2 2.6, ಸಿಕಲ್ ಇತ್ಯಾದಿ ಏನೂ ಇಲ್ಲ. ಆದರೆ ಹಿಮೋಗ್ಲೋಬಿನ್ 9.9, ಎಂಸಿವಿ 72. ಎ2 ಸರಿಯಿದೆ ಅಂದರೆ ನಿಶ್ಚಿಂತೆ ಅಲ್ವಾ?

ಪುಣೆ ಲ್ಯಾಬ್‌ನವಳು

ಹೆಚ್ಚುಕಡಿಮೆ ಒಳ್ಳೆಯ ಸುದ್ದಿಯೇ ಅಕ್ಕ, ಆದರೆ ಇಲ್ಲಿಗೇ ಬಿಡಬೇಡಿ. ಎಂಸಿವಿ 72 ಇರುವುದಕ್ಕೆ ಕಾರಣ ಕಬ್ಬಿಣದ ಕೊರತೆ ಇರಬಹುದು, ನಮ್ಮ ಹೆಣ್ಣುಮಕ್ಕಳಲ್ಲಿ ಅದು ಸಾಮಾನ್ಯ. ಕಬ್ಬಿಣ ತುಂಬಾ ಕಡಿಮೆಯಾದರೆ ಎ2 ಸಂಖ್ಯೆಯೂ ಸ್ವಲ್ಪ ಇಳಿಯುತ್ತದೆ, ವಾಹಕರಾಗಿದ್ದರೂ ಮುಚ್ಚಿಹೋಗಬಹುದು. ಈಗ ಫೆರಿಟಿನ್ ಮಾಡಿಸಿ. ಕಡಿಮೆ ಇದ್ದರೆ ಡಾಕ್ಟರು ಹೇಳಿದಂತೆ ಕಬ್ಬಿಣ ತೆಗೆದುಕೊಂಡು, ಸರಿಯಾದ ಮೇಲೆ ಎಚ್‌ಪಿಎಲ್‌ಸಿ ಮತ್ತೊಮ್ಮೆ. ತಮ್ಮನದು ಗೊತ್ತಿರುವುದರಿಂದ ಅನುಮಾನ ಉಳಿದರೆ ಹುಡುಗಿಗೂ ಎಚ್‌ಬಿಬಿ ಜೀನ್ ಪರೀಕ್ಷೆ ಮಾಡಿಸಬಹುದು. ಮುಂಬೈಯ ಕೆಇಎಂ ಆವರಣದಲ್ಲೇ ಐಸಿಎಂಆರ್‌ನ (ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿಯ) ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಮ್ಯುನೋಹೆಮಟಾಲಜಿ ಇದೆ. ಇಂಥ ವಿಷಯಕ್ಕೆ ಹೆಸರಾದ ಜಾಗ.

ಅವಳು ವಾಹಕಿ ಅಲ್ಲದಿದ್ದರೆ ಮಕ್ಕಳಿಗೆ ಮೇಜರ್ ಬರುವ ಭಯವಿಲ್ಲ. ಪ್ರತಿ ಮಗು ವಾಹಕ ಆಗುವ ಸಾಧ್ಯತೆ ಅರ್ಧಕ್ಕರ್ಧ, ಅಷ್ಟೇ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಆಗಲೂ ಮದುವೆ ಮುರಿಯಬೇಕಿಲ್ಲ. ಮೂರನೇ ತಿಂಗಳ ಸುಮಾರಿಗೆ ಸಿವಿಎಸ್ (ಗರ್ಭದ ಮಾಸುವಿನಿಂದ ಚೂರು ತೆಗೆದು ನೋಡುವ) ಪರೀಕ್ಷೆಯಿಂದ ಮಗುವಿನ ಎರಡೂ ಪ್ರತಿ ಹೇಗಿವೆ ಅಂತ ತಿಳಿಯಬಹುದು. ನಿಮ್ಮ ತಮ್ಮನ ಮ್ಯುಟೇಶನ್ ಹೆಸರು ಈಗಲೇ ಗೊತ್ತಿರುವುದು ಆಗ ತುಂಬಾ ಉಪಯೋಗ. ನೀವೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ ಅಕ್ಕ, ನಿಮ್ಮ ಮಕ್ಕಳಿಗೂ ಬೇಕಾಗುತ್ತದೆ.

ವಾಸ್ಕೋದಿಂದ

ನಮಸ್ಕಾರ. ನಾವು ಗೋವಾದಲ್ಲಿರುವ ಬಾಗಲಕೋಟೆ ಕಡೆಯವರು. ಅಕ್ಕನನ್ನು ಸೋದರಮಾವನಿಗೇ ಕೊಟ್ಟಿದ್ದಾರೆ. ಮೊದಲ ಮಗನಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಬಾಂಬೋಲಿಂನ ಆಸ್ಪತ್ರೆಯಲ್ಲಿ ತೋರಿಸಿ ಜೀನ್ ಪರೀಕ್ಷೆ ಮಾಡಿಸಿದೆವು. ‘ಜಿಜೆಬಿ2, ಡಬ್ಲ್ಯೂ24ಎಕ್ಸ್, ಹೋಮೋಜೈಗಸ್’ ಅಂತಿದೆ. ಅಕ್ಕ ಈಗ ಮತ್ತೆ ಬಸುರಿ. ಮೇಲಿನದ್ದೆಲ್ಲ ಓದಿದ ಮೇಲೆ ಕೇಳುವ ಧೈರ್ಯ ಬಂತು.

ಪುಣೆ ಲ್ಯಾಬ್‌ನವಳು

ತಮ್ಮಾ, ಕೇಳಿದ್ದು ಒಳ್ಳೆಯದಾಯಿತು. ಡಬ್ಲ್ಯೂ ಅಂದರೆ ಟ್ರಿಪ್ಟೋಫಾನ್, 24 ಅಂದರೆ ಜಾಗ, ಎಕ್ಸ್ ಅಂದರೆ ‘ನಿಲ್ಲಿಸು’. ಹೋಮೋಜೈಗಸ್ ಅಂದರೆ ಎರಡೂ ಪ್ರತಿಯಲ್ಲಿ ಅದೇ ಬದಲಾವಣೆ. ಮೇಲೆ ಪಿಂಪ್ರಿ ಅಣ್ಣನ ಮನೆಯ ಕೋಡಾನ್ 15ರಲ್ಲಿ ಆದದ್ದೇ ಇಲ್ಲೂ ಆಗಿದೆ, ಟಿಜಿಜಿ ಹೋಗಿ ಟಿಎಜಿ. ಜೀನ್ ಬೇರೆ, ಅಷ್ಟೇ. ಜಿಜೆಬಿ2 ಮಾಡುವುದು ಕನೆಕ್ಸಿನ್ 26 ಅನ್ನುವ 226 ಅಮೈನೋ ಆಮ್ಲದ ಪ್ರೋಟೀನ್. ಒಳಕಿವಿಯಲ್ಲಿ ಪಕ್ಕಪಕ್ಕದ ಕೋಶಗಳ ನಡುವೆ ಪೊಟ್ಯಾಸಿಯಂ ಓಡಾಡಲು ಅದು ದಾರಿ ಮಾಡಿಕೊಡುತ್ತದೆ. 24ಕ್ಕೇ ನಿಂತರೆ ದಾರಿಯೇ ಇಲ್ಲ. ನಮ್ಮ ದೇಶದಲ್ಲಿ ಈ ಜೀನ್‌ನಿಂದ ಬರುವ ಕಿವುಡಿಗೆ ಅತಿ ಸಾಮಾನ್ಯ ಕಾರಣ ಇದೇ. ಹುಡುಗನ ಬುದ್ಧಿಗೆ, ಬೆಳವಣಿಗೆಗೆ ಇದರಿಂದ ತೊಂದರೆ ಇಲ್ಲ.

ಸೋದರಮಾವ ಮತ್ತು ಅವನ ಅಕ್ಕ ಅಥವಾ ತಂಗಿಯ ಮಗಳು ಕಾಲು ಭಾಗ ಜೀನ್ ಹಂಚಿಕೊಂಡಿರುತ್ತಾರೆ. ಮನೆತನದಲ್ಲಿ ಅಡಗಿದ್ದ ಒಂದೇ ಮ್ಯುಟೇಶನ್ ಎರಡೂ ಕಡೆಯಿಂದ ಬಂದು ಸೇರುವುದು ಅದಕ್ಕೇ ಸುಲಭ. ಇದರಲ್ಲಿ ನಿಮ್ಮ ಅಕ್ಕನ ತಪ್ಪು ಏನೂ ಇಲ್ಲ, ಯಾರಾದರೂ ಅಂದರೆ ನೀವು ಅವರ ಪರ ನಿಲ್ಲಿ. ಬರುವ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇದೆ. ಹೆರಿಗೆಯಾದ ಮೇಲೆ ಡಿಸ್ಚಾರ್ಜ್‌ಗೆ ಮುಂಚೆಯೇ ಒಎಇ ಅನ್ನುವ ಕಿವಿಯ ಪರೀಕ್ಷೆ ಕೇಳಿ ಮಾಡಿಸಿ, ತಪ್ಪಿದರೂ ಒಂದು ತಿಂಗಳು ದಾಟಬಾರದು. ಅನುಮಾನ ಬಂದರೆ ಮೂರು ತಿಂಗಳೊಳಗೆ ಬೇರಾ (ಕೇಳುವ ನರದ) ಪರೀಕ್ಷೆಯಿಂದ ಖಚಿತ ಮಾಡಿಕೊಂಡು ಆರು ತಿಂಗಳೊಳಗೆ ಶ್ರವಣ ಯಂತ್ರ ಶುರುವಾಗಬೇಕು. ಈ ಮ್ಯುಟೇಶನ್ ಇರುವ ಮಕ್ಕಳಲ್ಲಿ ಕೇಳುವ ನರ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಹಾಗಾಗಿ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಕಿವಿಯಲ್ಲಿ ಕೂರಿಸುವ ಯಂತ್ರ) ಒಳ್ಳೆಯ ಫಲ ಕೊಡುತ್ತದೆ. ದೊಡ್ಡ ಹುಡುಗನಿಗೆ ಈಗ ಎಷ್ಟು ವಯಸ್ಸು ಅಂತ ಬರೆಯಿರಿ. ಇಂಪ್ಲಾಂಟ್ ಎಷ್ಟು ಬೇಗ ಆದರೆ ಮಾತು ಅಷ್ಟು ಚೆನ್ನಾಗಿ ಬರುತ್ತದೆ, ಅವನ ವಿಷಯದಲ್ಲಿ ತಡ ಮಾಡುವುದು ಬೇಡ.

ವಾಸ್ಕೋದಿಂದ

ಎರಡು ವರ್ಷ ನಾಲ್ಕು ತಿಂಗಳು, ಮೇಡಂ. ಶ್ರವಣ ಯಂತ್ರ ಹಾಕಿದ್ದೇವೆ, ಹೆಚ್ಚು ಪ್ರಯೋಜನ ಕಾಣುತ್ತಿಲ್ಲ. ನಾಳೆಯೇ ಇಎನ್‌ಟಿ ಒಪಿಡಿಗೆ ಕರೆದುಕೊಂಡು ಹೋಗಿ ಇಂಪ್ಲಾಂಟ್ ಬಗ್ಗೆ ಕೇಳುತ್ತೇನೆ.